ಬೆಳಗಾಗಲಿ ಎಂದು ಕಾಯುವ ಮುನ್ನ: ಗರ್ಭಿಣಿಯರು ವೈದ್ಯಕೀಯ ನೆರವನ್ನು ಯಾವಾಗ, ಹೇಗೆ ಕೇಳಬೇಕು

ರಾತ್ರಿ ಹನ್ನೊಂದು ಗಂಟೆ. ತುಂಬು ಬಸುರಿಗೆ ಸಂಜೆಯಿಂದಲೂ ತಲೆ ಸಿಡಿಯುತ್ತಿದೆ. ಆಸ್ಪತ್ರೆಗೆ ಹೋಗೋಣವೇ ಎಂದು ಮನೆಯವರು ಕೇಳುತ್ತಾರೆ. "ಇಷ್ಟು ಹೊತ್ತಿನಲ್ಲಿ ಯಾಕೆ, ಬೆಳಗಾಗಲಿ ನೋಡೋಣ" ಎಂದು ಅವಳು ಮಗ್ಗುಲು ಬದಲಿಸುತ್ತಾಳೆ. ಆ ಒಂದು ಮಾತಿಗಾಗಿಯೇ ಈ ಬರಹ.

1994ರಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೈನ್ ಎಂಬ ಸಂಶೋಧಕರು ತಾಯಂದಿರ ಸಾವಿಗೆ ದಾರಿಯಾಗುವ ವಿಳಂಬಗಳನ್ನು ಮೂರಾಗಿ ವಿಂಗಡಿಸಿದರು. ನೆರವು ಬೇಕು ಎಂದು ತೀರ್ಮಾನಿಸುವುದರಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆಯನ್ನು ತಲುಪುವುದರಲ್ಲಿ ಆಗುವ ತಡ ಎರಡನೆಯದು. ತಲುಪಿದ ಮೇಲೂ ತಕ್ಕ ಚಿಕಿತ್ಸೆ ಸಿಗದೆ ಕಳೆದುಹೋಗುವ ಹೊತ್ತು ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸಿರು ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ತೀರಿಕೊಂಡರು. ಅವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾಗಿದ್ದ ಸಾವುಗಳು. ರಸ್ತೆ, ವಾಹನ, ವೈದ್ಯರ ಲಭ್ಯತೆ ಇವೆಲ್ಲ ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಆದರೆ ಮೊದಲನೆಯ ತಡ ಹುಟ್ಟುವುದು ನಮ್ಮ ಮನೆಯೊಳಗೆ, ಹಾಸಿಗೆಯ ಮೇಲೆ, ಸಂಕೋಚದಲ್ಲಿ. ಅದನ್ನು ನಾವೇ ನೀಗಿಕೊಳ್ಳಬೇಕು.

ನಿಮ್ಮ ಆರೋಗ್ಯದ ವಿವರ ಬಲ್ಲ ವೈದ್ಯರು ಇಲ್ಲಿ ಬರೆದದ್ದಕ್ಕಿಂತ ಬೇರೆ ಸೂಚನೆ ಕೊಟ್ಟಿದ್ದರೆ ಅವರ ಮಾತನ್ನೇ ಪಾಲಿಸಿ.

ಮೊದಲ ಹೆಜ್ಜೆ: ಏನೂ ಆಗದಿರುವಾಗಲೇ ಮಾಡಿಟ್ಟುಕೊಳ್ಳುವ ಕೆಲಸ

ಬಸಿರು ನಿಂತಿದೆ ಎಂದು ತಿಳಿದ ಕೂಡಲೇ, 12 ವಾರ ತುಂಬುವುದರೊಳಗೆ, ಮೊದಲ ತಪಾಸಣೆ ಆಗಬೇಕು. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಒಟ್ಟು 40 ವಾರ, ಅಂದರೆ 280 ದಿನ. ಆ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ಅವರು ಮೊದಲು ಕೇಳುವುದು ಅದನ್ನೇ. ಬಸಿರಿನ ಅವಧಿಯಲ್ಲಿ ಕನಿಷ್ಠ 8 ಬಾರಿ ತಪಾಸಣೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿದೆ: 12 ವಾರದೊಳಗೆ ಒಮ್ಮೆ, ಅನಂತರ 20, 26, 30, 34, 36, 38 ಮತ್ತು 40ನೆಯ ವಾರಗಳಲ್ಲಿ. ಕೊನೆಯ ತಿಂಗಳುಗಳಲ್ಲಿ ಭೇಟಿಗಳು ಒತ್ತೊತ್ತಾಗಿರುವುದಕ್ಕೆ ಕಾರಣವಿದೆ. ರಕ್ತದೊತ್ತಡ ಸದ್ದಿಲ್ಲದೆ ಏರುವುದು, ಮಗುವಿನ ಬೆಳವಣಿಗೆ ಕುಂಠಿತವಾಗುವುದು ಹೆಚ್ಚಾಗಿ ಆಗಲೇ. "ಚೆನ್ನಾಗಿಯೇ ಇದ್ದೇನಲ್ಲ" ಎಂದು ಆ ಭೇಟಿಗಳನ್ನು ಬಿಡುವವರೇ ಹೆಚ್ಚು. ಚೆನ್ನಾಗಿದ್ದೇವೆ ಅನ್ನಿಸುವಾಗ ಅಡಗಿರುವ ತೊಂದರೆಯನ್ನು ಹುಡುಕುವುದಕ್ಕಾಗಿಯೇ ಆ ಭೇಟಿಗಳಿರುವುದು.

ಮೊದಲ ಭೇಟಿಯಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ಹಿಂದಿನ ಗರ್ಭಪಾತ, ಸಿಸೇರಿಯನ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್, ಅಪಸ್ಮಾರ, ಹೃದಯದ ತೊಂದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಖಿನ್ನತೆಗೆ ತೆಗೆದುಕೊಂಡ ಮಾತ್ರೆ, ಎಲ್ಲವನ್ನೂ ಹೇಳಿ. ಮನೆಯವರ ಮುಂದೆ ಹೇಳಲಾಗದ ಸಂಗತಿಯಿದ್ದರೆ "ವೈದ್ಯರ ಜೊತೆ ಐದು ನಿಮಿಷ ಒಬ್ಬಳೇ ಮಾತನಾಡಬೇಕು" ಎಂದು ಕೇಳಿ. ಅದು ನಿಮ್ಮ ಹಕ್ಕು. ಒಳ್ಳೆಯ ವೈದ್ಯರು ಅದಕ್ಕೆ ಕಾರಣವನ್ನೂ ಕೇಳುವುದಿಲ್ಲ.

ಅಲ್ಲಿಂದ ಹೊರಡುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಪಡೆದುಕೊಳ್ಳಿ. ರಾತ್ರಿ ಅಥವಾ ರಜಾದಿನ ತೊಂದರೆಯಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಯಾವ ಬಾಗಿಲಿಗೆ ಬರಬೇಕು? ಆ ಆಸ್ಪತ್ರೆಯಲ್ಲಿ ನಡುರಾತ್ರಿಯೂ ಸಿಸೇರಿಯನ್ ಮಾಡಲು, ರಕ್ತ ಕೊಡಲು ವ್ಯವಸ್ಥೆ ಇದೆಯೇ? ಮಗು ಅವಧಿಗೆ ಮುನ್ನ ಹುಟ್ಟಿದರೆ ನೋಡಿಕೊಳ್ಳುವ ಘಟಕ ಅಲ್ಲೇ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳುಹಿಸುತ್ತಾರೆ? ಈ ಉತ್ತರಗಳು ಗೊತ್ತಿಲ್ಲದೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದೇ ಎರಡನೆಯ ವಿಳಂಬ.

ಮನೆಗೆ ಬಂದು ಒಂದೇ ಹಾಳೆಯಲ್ಲಿ ಇಷ್ಟನ್ನು ಬರೆಯಿರಿ: ಹೆಸರು, ಹೆರಿಗೆಯ ಅಂದಾಜು ದಿನಾಂಕ, ಎಷ್ಟನೆಯ ಬಸಿರು, ರಕ್ತದ ಗುಂಪು, ಇರುವ ಕಾಯಿಲೆಗಳು, ದಿನವೂ ತೆಗೆದುಕೊಳ್ಳುವ ಮಾತ್ರೆಗಳು, ಒಗ್ಗದ ಔಷಧಗಳು, ಕಳೆದ ಭೇಟಿಯ ರಕ್ತದೊತ್ತಡ, ಆಪ್ತರಿಬ್ಬರ ಮೊಬೈಲ್ ಸಂಖ್ಯೆ. ಅದರ ಫೋಟೋ ನಿಮ್ಮ ಮೊಬೈಲಿನಲ್ಲೂ ಗಂಡನ ಅಥವಾ ಜೊತೆಗಿರುವವರ ಮೊಬೈಲಿನಲ್ಲೂ ಇರಲಿ. ಆಂಬುಲೆನ್ಸ್ ಬರುವುದು ತಡವಾದರೆ ಯಾರ ವಾಹನ, ದೊಡ್ಡ ಮಗುವಿದ್ದರೆ ಅದನ್ನು ಯಾರ ಬಳಿ ಬಿಡುವುದು, ಇದನ್ನೂ ಇಂದೇ ಗೊತ್ತು ಮಾಡಿಕೊಳ್ಳಿ. ಮಲಗಿರುವ ಮಗುವನ್ನು ಬಿಟ್ಟು ಹೋಗುವುದು ಹೇಗೆ ಎಂಬ ಚಿಂತೆಯೇ ಎಷ್ಟೋ ತಾಯಂದಿರನ್ನು ಬೆಳಗಿನವರೆಗೆ ಕಟ್ಟಿಹಾಕುತ್ತದೆ.

ಎರಡನೆಯ ಹೆಜ್ಜೆ: ಈ ಕ್ಷಣವೇ, ಇವತ್ತೇ, ಮುಂದಿನ ಭೇಟಿಗೆ

ತೊಂದರೆ ಏನೆಂದು ಹೆಸರಿಟ್ಟು ಗುರುತಿಸುವುದು ನಿಮ್ಮ ಕೆಲಸವಲ್ಲ. ಅದು ಎಷ್ಟು ತುರ್ತಿನದು ಎಂದು ಅಳೆದರೆ ಸಾಕು.

ಕೆಳಗಿನವುಗಳಲ್ಲಿ ಒಂದು ಕಂಡರೂ ಫೋನಿನಲ್ಲಿ ಸಲಹೆ ಕೇಳುತ್ತ ಕೂರಬೇಡಿ. ಆಂಬುಲೆನ್ಸಿಗೆ ಕರೆ ಮಾಡಿ, ಇಲ್ಲವೇ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ:

- ಪ್ಯಾಡ್ ತೊಯ್ದು ಹೋಗುವಷ್ಟು ರಕ್ತಸ್ರಾವ, ಅಥವಾ ನೋವಿನೊಂದಿಗೆ ರಕ್ತ
- ಫಿಟ್ಸ್, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಗೊಂದಲ
- ಎದೆನೋವು, ಕುಳಿತಲ್ಲೇ ಏದುಸಿರು, ಕೆಮ್ಮಿನಲ್ಲಿ ರಕ್ತ
- ಬಿಟ್ಟು ಬಿಡದ ತೀವ್ರ ಹೊಟ್ಟೆನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ
- ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗುವುದು
- ಯೋನಿಯಿಂದ ಹೊಕ್ಕುಳಬಳ್ಳಿ ಹೊರಗೆ ಕಾಣುವುದು ಅಥವಾ ಕೈಗೆ ತಗಲುವುದು
- ಸಾಯಬೇಕು ಅನ್ನಿಸುವುದು, ಅದಕ್ಕೆ ದಾರಿ ಯೋಚಿಸುತ್ತಿರುವುದು

ಮಗುವಿನ ಚಲನೆ ಕಡಿಮೆಯಾಗಿದ್ದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವಿದ್ದರೆ, ನೀರು ಸೋರುತ್ತಿರುವ ಅನುಮಾನವಿದ್ದರೆ, ತುಸು ರಕ್ತ ಕಂಡರೆ, 37 ವಾರ ತುಂಬುವ ಮೊದಲೇ ಹೊಟ್ಟೆ ಬಿಗಿದು ಬಿಗಿದು ಬರುತ್ತಿದ್ದರೆ, ಬಿದ್ದಿದ್ದರೆ ಅಥವಾ ಹೊಟ್ಟೆಗೆ ಪೆಟ್ಟು ಬಿದ್ದಿದ್ದರೆ ಅದೇ ದಿನ, ಅದೇ ರಾತ್ರಿ, ಹೆರಿಗೆ ವಿಭಾಗಕ್ಕೆ ಕರೆ ಮಾಡಿ. ಹೊರಗೆ ಗಾಯ ಕಾಣದಿದ್ದರೂ ಪೆಟ್ಟಿನಿಂದ, ಮಗುವನ್ನು ಪೋಷಿಸುವ ಮಾಸು (ಪ್ಲಾಸೆಂಟಾ) ಗರ್ಭಕೋಶದ ಗೋಡೆಯಿಂದ ಬಿಡಬಹುದು. ಆ ಪೆಟ್ಟು ಮನೆಯವರ ಕೈಯಿಂದಲೇ ಬಿದ್ದದ್ದಾದರೆ ಅದನ್ನೂ ವೈದ್ಯರಿಗೆ ಹೇಳಿ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಎದೆಯುರಿ, ಮಲಬದ್ಧತೆ, ಸೊಂಟನೋವು, ಸಂಜೆ ಹೊತ್ತಿಗೆ ಎರಡೂ ಪಾದಗಳು ತುಸು ಊದುವುದು ಇಂಥವನ್ನು ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ಕೇಳಬಹುದು. ಯಾವ ಗುಂಪಿಗೆ ಸೇರಿಸಬೇಕೆಂದು ತಿಳಿಯದೆ ಹೊಯ್ದಾಡುತ್ತಿದ್ದರೆ ಒಂದು ಮೆಟ್ಟಿಲು ಮೇಲಿನದಕ್ಕೇ ಸೇರಿಸಿ.

ಮೊದಲ ಮೂರು ತಿಂಗಳು

ಈ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಿಷ್ಟು ರಕ್ತ ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಅನೇಕರ ಬಸಿರು ಕ್ಷೇಮವಾಗಿಯೇ ಮುಂದುವರಿಯುತ್ತದೆ. ಆದ್ದರಿಂದ ರಕ್ತ ಕಂಡ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ಕುಸಿಯಬೇಕಿಲ್ಲ. ಆದರೂ ತೋರಿಸಿಕೊಳ್ಳಲೇಬೇಕು, ಮುಖ್ಯವಾಗಿ ಒಂದು ಕಾರಣಕ್ಕೆ. ನೂರರಲ್ಲಿ ಒಂದೆರಡು ಬಸಿರುಗಳು ಗರ್ಭಕೋಶದ ಹೊರಗೆ, ಸಾಮಾನ್ಯವಾಗಿ ಗರ್ಭನಾಳದಲ್ಲಿ, ಕಟ್ಟುತ್ತವೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿಯುತ್ತದೆ. ಹೊರಗೆ ಕಾಣುವುದು ಬರೀ ಕಲೆಯಷ್ಟೇ ಇರಬಹುದು. ಕೆಳಹೊಟ್ಟೆಯ ಒಂದೇ ಪಕ್ಕದಲ್ಲಿ ನೋವು, ತಲೆಸುತ್ತು, ಹೆಗಲ ತುದಿಯಲ್ಲಿ ವಿಚಿತ್ರವಾದ ನೋವು ಇದರ ಗುರುತುಗಳು. ಹೊಟ್ಟೆಯ ರಕ್ತಕ್ಕೂ ಹೆಗಲಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಸೋರಿದ ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನರ ಕುತ್ತಿಗೆಯಿಂದ ಬರುವುದರಿಂದ ಮಿದುಳು ಆ ನೋವನ್ನು ಹೆಗಲಿನದೆಂದು ತಿಳಿಯುತ್ತದೆ. ಮುಟ್ಟು ತಪ್ಪಿದ ಹೆಂಗಸಿಗೆ ಹೀಗಾದರೆ, ಬಸಿರು ಇನ್ನೂ ಖಚಿತವಾಗಿರದಿದ್ದರೂ, ಅದು ತುರ್ತಿನ ಸಂಗತಿಯೇ.

ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇರುವವರು ರಕ್ತಸ್ರಾವವಾದಾಗ ಅದನ್ನು ತಪ್ಪದೆ ತಿಳಿಸಬೇಕು. ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ 72 ಗಂಟೆಗಳೊಳಗೆ ಕೊಡುತ್ತಾರೆ.

ಇನ್ನು ವಾಂತಿ. ಬೆಳಗಿನ ಓಕರಿಕೆ ಸಾಮಾನ್ಯ. ಆದರೆ ಇಡೀ ದಿನ ಕುಡಿದ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಕಳೆದರೂ ಮೂತ್ರ ಬರದಿದ್ದರೆ ಅಥವಾ ಅದು ಗಾಢ ಬಣ್ಣಕ್ಕೆ ತಿರುಗಿದ್ದರೆ, ತೂಕ ಇಳಿಯುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ. ಸಲೈನ್ ಹಾಕಿಸಿಕೊಂಡು, ವಾಂತಿ ತಡೆಯುವ ಔಷಧ ಪಡೆದು ಚೇತರಿಸಿಕೊಳ್ಳಬಹುದು. "ಬಸಿರೆಂದ ಮೇಲೆ ವಾಂತಿ ಇಲ್ಲದೆ ಇರುತ್ತದೆಯೇ" ಎಂಬ ಮಾತನ್ನು ಕೇಳಿ ಕೇಳಿ ಬಳಲಿದವರು ಬಹಳ ಮಂದಿ.

20 ವಾರದ ನಂತರ: ರಕ್ತದೊತ್ತಡದ ಮಾತು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರಿ-ಎಕ್ಲಾಂಪ್ಸಿಯಾ ಎಂದು ವೈದ್ಯರು ಹೇಳುವ ಸ್ಥಿತಿ ಸಾಮಾನ್ಯವಾಗಿ 20 ವಾರ ದಾಟಿದ ಮೇಲೆ ಬರುತ್ತದೆ. ಇದರ ಬೇರು ಇರುವುದು ಮಾಸಿನಲ್ಲಿ. ಅದಕ್ಕೆ ರಕ್ತ ಒಯ್ಯುವ ನಾಳಗಳು ಸರಿಯಾಗಿ ಹಿಗ್ಗದಿದ್ದಾಗ ತಾಯಿಯ ಮೈಯೆಲ್ಲ ನಾಳಗಳ ಒಳಪದರ ಹದಗೆಡುತ್ತದೆ. ಮೂತ್ರಪಿಂಡದ ಮೇಲಾದ ಪರಿಣಾಮದಿಂದ ಮೂತ್ರದಲ್ಲಿ ಪ್ರೋಟೀನ್ ಬರುತ್ತದೆ. ಯಕೃತ್ತು ಬಾತರೆ ಪಕ್ಕೆಲುಬಿನ ಕೆಳಗೆ, ಹೆಚ್ಚಾಗಿ ಬಲಕ್ಕೆ, ನೋವು. ಮಿದುಳಿಗೆ ತಟ್ಟಿದರೆ ತಲೆನೋವು, ಕಣ್ಣ ಮುಂದೆ ಮಿಂಚು ಹುಳುಗಳು, ಕೊನೆಗೆ ಫಿಟ್ಸ್.

ಇದರ ಕಪಟವೇನೆಂದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿದರೂ ಬಸುರಿಗೆ ಏನೂ ಅನ್ನಿಸದೆ ಇರಬಹುದು. ಅನ್ನಿಸಿದರೂ ಪಕ್ಕೆಲುಬಿನ ನೋವನ್ನು ಗ್ಯಾಸ್ ಎಂದೂ, ತಲೆನೋವನ್ನು ನಿದ್ದೆ ಕೆಟ್ಟದ್ದರ ಫಲವೆಂದೂ, ಊತವನ್ನು ಬಸಿರಿನ ಸಹಜ ಲಕ್ಷಣವೆಂದೂ ತಳ್ಳಿಹಾಕುವುದು ಸುಲಭ. ಪಾದ ಊದುವುದು ಸಹಜವಿರಬಹುದು. ಮುಖ ಮತ್ತು ಕೈಗಳು ಇದ್ದಕ್ಕಿದ್ದಂತೆ ಊದಿ, ನಿನ್ನೆ ಬಿಚ್ಚಲು ಬಂದ ಉಂಗುರ ಇವತ್ತು ಬಾರದಿದ್ದರೆ ಅದು ಸಹಜವಲ್ಲ.

ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಮಾತನಾಡದೆ ಅಳೆಯಿರಿ. ಮೇಲಿನ ಅಂಕೆ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದೇ ದಿನ ಕರೆ ಮಾಡಿ. 160 ಅಥವಾ 110 ಮುಟ್ಟಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ, ಮೈ ಎಷ್ಟೇ ಚೆನ್ನಾಗಿದ್ದರೂ.

ಹೋಗಿ ಪ್ರಯೋಜನವೇನು ಎಂದು ಕೇಳುವವರಿಗೆ ಸ್ಪಷ್ಟ ಉತ್ತರವಿದೆ. 2002ರಲ್ಲಿ ಪ್ರಕಟವಾದ ಮ್ಯಾಗ್ಪೈ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಪ್ರಿ-ಎಕ್ಲಾಂಪ್ಸಿಯಾ ಇದ್ದ ಸುಮಾರು 10,000 ಮಹಿಳೆಯರಿದ್ದರು. ಮೆಗ್ನೀಸಿಯಂ ಸಲ್ಫೇಟ್ ಎಂಬ ಔಷಧ ಪಡೆದವರಲ್ಲಿ ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದು ಹೊಸದೂ ಅಲ್ಲ, ಅಪರೂಪದ್ದೂ ಅಲ್ಲ. ಆದರೆ ಆಸ್ಪತ್ರೆಯಲ್ಲಿ ಮಾತ್ರ ಕೊಡುವ ಔಷಧ. ಬೆಳಗಾಗಲಿ ಎಂದು ಮಲಗಿದವಳಿಗೆ ಅದು ಸಿಗುವುದಿಲ್ಲ.

ಮಗುವಿನ ಮಿಸುಕಾಟ

ಮಗುವಿನ ಚಲನೆ ಮೊದಲು ಅರಿವಿಗೆ ಬರುವುದು 16ರಿಂದ 24 ವಾರಗಳ ನಡುವೆ. ಚೊಚ್ಚಲ ಬಸುರಿಗೆ ತುಸು ತಡವಾಗಿ. 24 ವಾರವಾದರೂ ಏನೂ ತಿಳಿಯದಿದ್ದರೆ ವೈದ್ಯರಿಗೆ ಹೇಳಿ. ಆಮೇಲೆ ಪ್ರತಿಯೊಂದು ಮಗುವೂ ತನ್ನದೇ ಒಂದು ವೇಳಾಪಟ್ಟಿ ಮಾಡಿಕೊಳ್ಳುತ್ತದೆ. ಒಂದು ಮಗು ರಾತ್ರಿ ನೀವು ಮಲಗುವ ಹೊತ್ತಿಗೆ ಎದ್ದು ಕುಣಿದರೆ ಇನ್ನೊಂದು ಮಧ್ಯಾಹ್ನ ಚುರುಕಾಗಿರುತ್ತದೆ. ಎಷ್ಟು ಬಾರಿ ಒದೆಯಿತು ಎಂಬ ಲೆಕ್ಕಕ್ಕಿಂತ ನಿಮ್ಮ ಮಗುವಿನ ರೂಢಿ ಏನು, ಅದು ಬದಲಾಗಿದೆಯೇ ಎಂಬುದು ಮುಖ್ಯ.

ತಿಂಗಳು ತುಂಬುತ್ತ ಬಂದಂತೆ ಜಾಗ ಸಾಲದೆ ಮಗು ಮಿಸುಕಾಡುವುದು ಕಡಿಮೆಯಾಗುತ್ತದೆ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಅದು ತಪ್ಪು. ಚಲನೆಯ ಬಗೆ ಬದಲಾಗಬಹುದು, ಒದೆತದ ಬದಲು ಹೊರಳಾಟ ಹೆಚ್ಚಬಹುದು. ಆದರೆ ಹೆರಿಗೆ ನೋವಿನವರೆಗೂ, ನೋವಿನ ನಡುವೆಯೂ ಮಗು ಅಲುಗಾಡುತ್ತಲೇ ಇರಬೇಕು. ಗರ್ಭದೊಳಗಿನ ಮಗು ನಿದ್ದೆ ಮಾಡುವುದು ಸಾಮಾನ್ಯವಾಗಿ 20ರಿಂದ 40 ನಿಮಿಷ. 90 ನಿಮಿಷ ದಾಟುವುದು ಅಪರೂಪ.

28 ವಾರ ಕಳೆದ ಮೇಲೆ ಕಡಿಮೆಯಾಗಿದೆಯೇ ಎಂಬ ಅನುಮಾನ ಬಂದರೆ ಎಡಮಗ್ಗುಲಿಗೆ ಮಲಗಿ, ಟಿವಿ, ಮೊಬೈಲ್ ಬದಿಗಿಟ್ಟು, ಎರಡು ಗಂಟೆ ಅದಕ್ಕೇ ಗಮನ ಕೊಡಿ. ಅಷ್ಟರಲ್ಲಿ ಹತ್ತು ಬಾರಿ ಅರಿವಿಗೆ ಬರದಿದ್ದರೆ ಕರೆ ಮಾಡಿ. ಸ್ಪಷ್ಟವಾಗಿಯೇ ಕಡಿಮೆಯಾಗಿದ್ದರೆ ಅಥವಾ ನಿಂತೇಹೋಗಿದ್ದರೆ ಈ ಎರಡು ಗಂಟೆಯನ್ನೂ ಕಳೆಯಬೇಡಿ. ಮಗುವಿನ ಎದೆಬಡಿತ ಕೇಳಿಸುವ ಸಣ್ಣ ಯಂತ್ರಗಳನ್ನು ಮನೆಗೆ ತಂದು ನೆಮ್ಮದಿ ಹುಡುಕುವುದು ಬೇಡವೇ ಬೇಡ. ನಿಮ್ಮದೇ ನಾಡಿಯ ಸದ್ದನ್ನು ಅದು ಮಗುವಿನದೆಂದು ನಂಬಿಸಬಹುದು. ಎದೆಬಡಿತ ಕೇಳಿದರೂ ಮಗು ಸೌಖ್ಯವೆಂದು ಅರ್ಥವಲ್ಲ.

ರಕ್ತ, ನೀರು, ಅಕಾಲದ ನೋವು

ಕೊನೆಯ ತಿಂಗಳುಗಳಲ್ಲಿ ನೋವಿಲ್ಲದೆ ಕೆಂಪು ರಕ್ತ ಹೋದರೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತಿರಬಹುದು. ಹೊಟ್ಟೆ ಗಟ್ಟಿಯಾಗಿ, ನೋವಿನೊಂದಿಗೆ ರಕ್ತ ಹೋದರೆ ಮಾಸು ಬಿಟ್ಟಿರಬಹುದು. ಎರಡೂ ತುರ್ತೇ. ಹಿಂದಿನ ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆ ಎಂದು ಹೇಳಿದ್ದರೆ ಆಸ್ಪತ್ರೆಗೆ ಕಾಲಿಟ್ಟೊಡನೆ ಮೊದಲು ಅದನ್ನೇ ತಿಳಿಸಿ, ಏಕೆಂದರೆ ಸ್ಕ್ಯಾನ್ ನೋಡದೆ ಒಳಪರೀಕ್ಷೆ ಮಾಡಬಾರದು.

ನೀರೊಡೆದರೆ ಬಟ್ಟೆಯ ಬದಲು ಪ್ಯಾಡ್ ಹಾಕಿಕೊಳ್ಳಿ. ಬಣ್ಣ, ವಾಸನೆ, ಗಂಟೆ ಗಮನಿಸಿ. ಹಸಿರು ಅಥವಾ ಕಂದು ಬಣ್ಣವಿದ್ದರೆ ಮಗು ಒಳಗೇ ಮಲ ವಿಸರ್ಜಿಸಿರಬಹುದು, ದುರ್ವಾಸನೆಯಿದ್ದರೆ ಸೋಂಕಿರಬಹುದು, ಕೂಡಲೇ ಹೊರಡಿ.

37 ವಾರಕ್ಕೆ ಮುಂಚೆ ಹೊಟ್ಟೆ ನಿಯಮಿತವಾಗಿ ಬಿಗಿಯುತ್ತಿದ್ದರೆ, ಕೆಳಹೊಟ್ಟೆ ಒತ್ತಿದಂತೆ ಅನ್ನಿಸುತ್ತಿದ್ದರೆ, ಸೊಂಟದ ನೋವು ಅಲೆಅಲೆಯಾಗಿ ಬರುತ್ತಿದ್ದರೆ, ಸುಳ್ಳು ನೋವಿರಬಹುದು ಎಂದು ಕಾಯುವುದು ದುಬಾರಿಯಾಗುತ್ತದೆ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಮತ್ತು ರಾಸ್ ಹೋವಿ 1972ರಲ್ಲಿ ತೋರಿಸಿಕೊಟ್ಟ ಒಂದು ಸಂಗತಿ ಇಂದು ಎಲ್ಲೆಡೆ ಬಳಕೆಯಲ್ಲಿದೆ: ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಆದರೆ ಅದು ಚೆನ್ನಾಗಿ ಕೆಲಸ ಮಾಡಲು ಸುಮಾರು ಒಂದು ದಿನದ ಕಾಲಾವಕಾಶ ಬೇಕು. ಆ ಒಂದು ದಿನವನ್ನು ಮಗುವಿಗೆ ಕೊಡುವವರು ನೀವು, ಬೇಗ ಹೋಗುವ ಮೂಲಕ. ಸುಳ್ಳು ನೋವೆಂದು ತಿಳಿದು ವಾಪಸ್ಸು ಕಳುಹಿಸಿದರೆ ನಷ್ಟವೇನಿದೆ?

ದಿನ ತುಂಬಿದವರಿಗೆ ಈ ಅವಸರವಿಲ್ಲ. ಎಲ್ಲ ಸರಿಯಾಗಿದ್ದು ಆಸ್ಪತ್ರೆ ಹತ್ತಿರವಿದ್ದರೆ, ನೋವು ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದೂ ಒಂದು ನಿಮಿಷ ನಿಂತು, ಹೀಗೆಯೇ ಒಂದು ಗಂಟೆ ನಡೆದಾಗ ಹೊರಡಬಹುದು. ದೂರವಿದ್ದರೆ, ಹಿಂದೆ ಸಿಸೇರಿಯನ್ ಅಥವಾ ಬೇಗನೆ ಹೆರಿಗೆ ಆಗಿದ್ದರೆ ಅದಕ್ಕೂ ಮೊದಲೇ.

ಸಣ್ಣವೆಂದು ತೋರುವ ಕೆಲವು

ಅಂಗೈ, ಅಂಗಾಲುಗಳಲ್ಲಿ ಗುಳ್ಳೆಯಿಲ್ಲದ ತುರಿಕೆ, ಅದೂ ರಾತ್ರಿ ಹೆಚ್ಚುವುದು, ಯಕೃತ್ತಿನ ತೊಂದರೆಯ ಗುರುತಿರಬಹುದು, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕದೆ ಅವತ್ತೇ ತೋರಿಸಿ. ಉರಿಮೂತ್ರದ ಜೊತೆ ಬೆನ್ನುನೋವು, ಚಳಿಜ್ವರ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದು ತಿಳಿಯಿರಿ.

ಔಷಧಗಳ ವಿಷಯದಲ್ಲಿ ಎರಡು ತಪ್ಪುಗಳಾಗುತ್ತವೆ. ಕೇಳದೆ ನುಂಗುವುದು ಒಂದು. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು, ಮುಖ್ಯವಾಗಿ 20 ವಾರದ ನಂತರ, ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಕೇಳದೆ ನಿಲ್ಲಿಸುವುದು ಇನ್ನೊಂದು, ಅದೂ ಅಷ್ಟೇ ಅಪಾಯದ್ದು. ಅಪಸ್ಮಾರ, ಆಸ್ತಮಾ, ಥೈರಾಯ್ಡ್, ಖಿನ್ನತೆಯ ಮಾತ್ರೆಗಳನ್ನು ಬಸಿರೆಂದು ತಿಳಿದ ದಿನವೇ ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಬೇಡಿ, ಅವತ್ತೇ ವೈದ್ಯರಿಗೆ ಕರೆ ಮಾಡಿ ಕೇಳಿ.

ಎರಡು ವಾರಗಳಿಂದ ಯಾವುದರಲ್ಲೂ ಮನಸ್ಸಿಲ್ಲ, ಅಳು ತಡೆಯುವುದಿಲ್ಲ, ಮಗುವಿನ ಬಗ್ಗೆ ಏನೂ ಅನ್ನಿಸುವುದಿಲ್ಲ ಎಂದರೆ ಅದೂ ವೈದ್ಯಕೀಯ ಸಂಗತಿಯೇ. ರಕ್ತದೊತ್ತಡದ ಬಗ್ಗೆ ಹೇಳುವಷ್ಟೇ ಸಲೀಸಾಗಿ ಅದನ್ನೂ ಹೇಳಿ.

ಮೂರನೆಯ ಹೆಜ್ಜೆ: ಕರೆ ಮಾಡುವುದು, ಹೇಳುವುದು

ನನ್ನ ಎರಡನೆಯ ಬಸಿರಿನಲ್ಲಿ, 33 ವಾರ ತುಂಬಿದ್ದಾಗ, ಒಂದು ರಾತ್ರಿ ಮಗುವಿನ ಅಲುಗಾಟ ಕಡಿಮೆಯಾಯಿತು. ಕರೆ ಮಾಡಿದೆ. "ಮಗು ಯಾಕೋ ಸುಮ್ಮನಿದೆ ಅನ್ನಿಸುತ್ತಿದೆ, ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ" ಎಂದೆ. ಆ ಕಡೆಯವರು "ನಿದ್ದೆ ಮಾಡುತ್ತಿರಬಹುದು, ಬೆಳಿಗ್ಗೆ ಬನ್ನಿ" ಎಂದರು. ಫೋನ್ ಇಟ್ಟೆ. ಅರ್ಧ ಗಂಟೆ ಕುಳಿತು, ಹೇಳಬೇಕಾದದ್ದನ್ನು ಬರೆದುಕೊಂಡು ಮತ್ತೆ ಕರೆ ಮಾಡಿದೆ: "ನನಗೆ 33 ವಾರ. ಎರಡನೆಯ ಬಸಿರು. ಮಧ್ಯಾಹ್ನ ಎರಡರಿಂದ ಮಗುವಿನ ಚಲನೆ ತುಂಬ ಕಡಿಮೆಯಾಗಿದೆ. ಎಡಮಗ್ಗುಲಲ್ಲಿ ಎರಡು ಗಂಟೆ ಮಲಗಿದ್ದೆ, ಮೂರು ಬಾರಿ ಮಾತ್ರ ತಿಳಿಯಿತು. ರಕ್ತ ಇಲ್ಲ, ನೀರು ಹೋಗಿಲ್ಲ. ಈಗಲೇ ಪರೀಕ್ಷೆ ಆಗಬೇಕು." ಅದೇ ಧ್ವನಿ ಈ ಬಾರಿ "ಕೂಡಲೇ ಹೊರಟು ಬನ್ನಿ" ಎಂದಿತು. ಎದೆಬಡಿತ ನೋಡಿದರು, ಸ್ಕ್ಯಾನ್ ಮಾಡಿದರು, ಮಗು ಕ್ಷೇಮವಾಗಿತ್ತು. ಬದಲಾದದ್ದು ನಾನು ಹೇಳಿದ ಬಗೆ ಮಾತ್ರ.

ಆದ್ದರಿಂದ ಕರೆ ಮಾಡುವಾಗ ಈ ಕ್ರಮ ಅನುಸರಿಸಿ. ಮೊದಲು ಎಷ್ಟು ವಾರ, ಎಷ್ಟನೆಯ ಬಸಿರು. ಅನಂತರ ಮುಖ್ಯ ತೊಂದರೆ ಒಂದೇ ವಾಕ್ಯದಲ್ಲಿ. ಯಾವಾಗ ಶುರುವಾಯಿತು, ಹೆಚ್ಚುತ್ತಿದೆಯೇ. ರಕ್ತ, ನೀರು, ನೋವು, ಜ್ವರ, ಮಗುವಿನ ಚಲನೆ, ಈ ಐದರ ಬಗ್ಗೆ ಇದೆ ಅಥವಾ ಇಲ್ಲ. ಇರುವ ಕಾಯಿಲೆ, ತೆಗೆದುಕೊಂಡ ಮಾತ್ರೆ. ಕೊನೆಗೆ ನಿಮಗೆ ಬೇಕಾದದ್ದೇನು: "ಈಗಲೇ ಬರಬೇಕೇ?" ಸಂಖ್ಯೆಗಳಿದ್ದಲ್ಲಿ ಸಂಖ್ಯೆ ಹೇಳಿ. "ತುಂಬ ರಕ್ತ" ಎನ್ನುವುದಕ್ಕಿಂತ "ಒಂದು ಗಂಟೆಯಲ್ಲಿ ಎರಡು ಪ್ಯಾಡ್" ಎಂದರೆ ಕೇಳುವವರು ಎದ್ದು ನಿಲ್ಲುತ್ತಾರೆ. ಕ್ಷಮೆ ಕೇಳಬೇಡಿ. ಮಾತನಾಡಿದವರ ಹೆಸರು, ಸಮಯ ಬರೆದುಕೊಳ್ಳಿ.

ಆದರೂ ಕೇಳಿಸಿಕೊಳ್ಳದಿದ್ದರೆ? "ಇದು ಅಪಾಯವಲ್ಲವೆಂದು ಯಾವ ಪರೀಕ್ಷೆಯಿಂದ ತಿಳಿಯಿತು?" ಎಂದು ಕೇಳಿ. ಹಿರಿಯ ವೈದ್ಯರನ್ನು ಕರೆಸಲು ಹೇಳಿ. ಮನಸ್ಸಿಗೆ ಒಪ್ಪದಿದ್ದರೆ ಇನ್ನೊಂದು ಆಸ್ಪತ್ರೆಗೆ ಹೋಗಿ. ಒಮ್ಮೆ ಮನೆಗೆ ಕಳುಹಿಸಿದ್ದಾರೆಂದು ಎರಡನೆಯ ಬಾರಿ ಹೋಗಲು ನಾಚಿಕೊಳ್ಳಬೇಡಿ. ಜೊತೆಗೆ ಹೋಗುವವರು ಗಟ್ಟಿಯಾಗಿ ಮಾತನಾಡಬಲ್ಲವರಾಗಿರಲಿ; ನೋವಿನಲ್ಲಿರುವವಳು ವಾದ ಮಾಡಲಾರಳು.

ವಾಹನ ಬರುವವರೆಗೆ

ಫಿಟ್ಸ್ ಬಂದರೆ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಎಷ್ಟು ನಿಮಿಷ ಇತ್ತೆಂದು ಗಡಿಯಾರ ನೋಡಿ. ಬಾಯಿಗೆ ಚಮಚವನ್ನಾಗಲೀ ನೀರನ್ನಾಗಲೀ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಹೊಕ್ಕುಳಬಳ್ಳಿ ಹೊರಬಂದಿದ್ದರೆ ಮಂಡಿಯೂರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟವನ್ನು ಮೇಲೆತ್ತಿದ ಸ್ಥಿತಿಯಲ್ಲಿರಬೇಕು. ಆಗ ಮಗುವಿನ ಭಾರ ಬಳ್ಳಿಯ ಮೇಲೆ ಬೀಳುವುದಿಲ್ಲ. ಬಳ್ಳಿಯನ್ನು ಒಳಗೆ ತಳ್ಳಬೇಡಿ. ರಕ್ತ ಹೋಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬೆಚ್ಚಗೆ ಹೊದಿಸಿ, ತೊಯ್ದ ಪ್ಯಾಡುಗಳನ್ನು ಎಸೆಯದೆ ಚೀಲದಲ್ಲಿಟ್ಟುಕೊಂಡು ಹೋಗಿ. ಎಷ್ಟು ರಕ್ತ ಹೋಗಿದೆ ಎಂದು ವೈದ್ಯರಿಗೆ ಅದರಿಂದ ತಿಳಿಯುತ್ತದೆ. ಬೆನ್ನ ಮೇಲೆ ಮಲಗಿಸುವುದು ಬೇಡ, ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ಹೇಳುವವರೆಗೆ ಏನನ್ನೂ ತಿನ್ನಿಸಬೇಡಿ. ಬರೆದಿಟ್ಟ ಹಾಳೆ, ಸ್ಕ್ಯಾನಿಂಗ್ ವರದಿಗಳು ಕೈಯಲ್ಲಿರಲಿ.

ಹೆರಿಗೆಯಾದ ಮೇಲೆಯೂ

ಮಗು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಮಗುವಿನತ್ತ ತಿರುಗುತ್ತದೆ. ತಾಯಿಯ ಅಪಾಯ ಮಾತ್ರ ಅಲ್ಲಿಗೆ ಮುಗಿದಿರುವುದಿಲ್ಲ. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ತೊಯ್ಯುವಷ್ಟು ಅಥವಾ ದೊಡ್ಡ ದೊಡ್ಡ ಗಡ್ಡೆಗಳಾಗಿ ರಕ್ತ ಹೋದರೆ ಅದು ತುರ್ತು. ಪ್ರಿ-ಎಕ್ಲಾಂಪ್ಸಿಯಾ ಹೆರಿಗೆಯ ನಂತರ ಆರು ವಾರಗಳವರೆಗೂ ಬರಬಹುದು, ಬಸಿರಿನಲ್ಲಿ ರಕ್ತದೊತ್ತಡ ಸರಿಯಾಗಿದ್ದವರಿಗೂ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಆ ಆರು ವಾರಗಳಲ್ಲಿ ಹೆಚ್ಚು. ಜ್ವರ, ಚಳಿ, ದುರ್ವಾಸನೆಯ ಸ್ರಾವ, ಹೊಲಿಗೆಯ ಜಾಗ ಕೆಂಪಾಗಿ ಕೀವು ಬರುವುದು ಸೋಂಕಿನ ಗುರುತುಗಳು. ಮೊದಲ ಎರಡು ವಾರಗಳಲ್ಲಿ ಬಾಣಂತಿ ನಿದ್ದೆಯೇ ಬೇಡದವಳಂತೆ ಓಡಾಡುತ್ತ, ಇಲ್ಲದ್ದನ್ನು ಕಾಣುತ್ತ, ಕೇಳುತ್ತ, ಅಸಂಬದ್ಧವಾಗಿ ಮಾತನಾಡುತ್ತಿದ್ದರೆ ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಅವಳನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆರಿಗೆಯಾಗಿ ಕೆಲವು ತಿಂಗಳು ಕಳೆದಿದ್ದರೂ, ಯಾವುದೇ ತೊಂದರೆಗೆ ಯಾವುದೇ ತುರ್ತು ವಿಭಾಗಕ್ಕೆ ಹೋದರೂ ಬಾಗಿಲಲ್ಲೇ ಹೇಳಬೇಕಾದ ಮಾತೊಂದಿದೆ. ಕಾಣುವ ಹೊಟ್ಟೆಯಿಲ್ಲದ ಕಾರಣ ಎದುರಿಗಿರುವ ವೈದ್ಯರಿಗೆ ಅದು ಹೊಳೆಯದಿರಬಹುದು: "ನನಗೆ ಇಂಥ ದಿನಾಂಕದಂದು ಹೆರಿಗೆಯಾಗಿದೆ."